9,000ಕ್ಕೆ ನಿಲ್ಲಬೇಕಿದ್ದ ನಮ್ಮ ವಿಮಾನ 450 ಅಡಿ ಮೇಲೆ ಹೋಗಿ ನಿಂತ ಕಥೆ

ಬಲಗಡೆ ಸೀಟು

ಬರೆಯಲೋ ಬೇಡವೋ ಎಂದು ಮೂರು ತಿಂಗಳು ಮೀನಮೇಷ ಎಣಿಸಿ ಈಗ ಬರೆಯುತ್ತಿದ್ದೇನೆ. ನಾನು ಸಹಪೈಲಟ್. ಸಂಸ್ಥೆಯ ಹೆಸರನ್ನೂ ಊರಿನ ಹೆಸರನ್ನೂ ಹೇಳುವುದಿಲ್ಲ, ದಯವಿಟ್ಟು ಯಾರೂ ಕೆದಕಬೇಡಿ.

ಉತ್ತರದ ಬಯಲಿನ ಒಂದು ದೊಡ್ಡ ನಿಲ್ದಾಣ, ಮಳೆಗಾಲದ ಮಧ್ಯಾಹ್ನ, ಏರ್‌ಬಸ್ 320. ಒಂದು ಸೀಟೂ ಖಾಲಿ ಇರಲಿಲ್ಲ. ಕ್ಯಾಪ್ಟನ್ ಹಾರಿಸುತ್ತಿದ್ದರು. ರೇಡಿಯೊ ಮತ್ತು ಮೇಲ್ವಿಚಾರಣೆ ನನ್ನ ಪಾಲಿಗೆ. ಆ ಹೊತ್ತಿನ ಕ್ಯೂಎನ್‌ಎಚ್, ಅಂದರೆ ಸಮುದ್ರ ಮಟ್ಟಕ್ಕೆ ಲೆಕ್ಕ ಹಾಕಿದ ಗಾಳಿಯ ಒತ್ತಡ, 997 ಹೆಕ್ಟೋಪಾಸ್ಕಲ್. ಹೊರಡುವ ಮೊದಲು ಇಬ್ಬರೂ ಅದನ್ನೇ ಹಾಕಿಕೊಂಡು, ಒಬ್ಬರದನ್ನು ಇನ್ನೊಬ್ಬರು ನೋಡಿ ಒಪ್ಪಿಕೊಂಡಿದ್ದೆವು. ಏರಲು ಸಿಕ್ಕ ಅನುಮತಿ ಫ್ಲೈಟ್ ಲೆವೆಲ್ 90ರವರೆಗೆ, ಅಂದರೆ 9,000 ಅಡಿಯವರೆಗೆ.

ಏರುವಾಗ ಒಂದು ಗೊತ್ತಾದ ಎತ್ತರ ದಾಟಿದ ಮೇಲೆ ಊರಿನ ಒತ್ತಡವನ್ನು ಬಿಟ್ಟು, ಜಗತ್ತಿಗೆಲ್ಲ ಒಂದೇ ಆದ 1013ಕ್ಕೆ ಆಲ್ಟಿಮೀಟರನ್ನು, ಅಂದರೆ ಎತ್ತರದ ಮಾಪಕವನ್ನು, ಬದಲಿಸಬೇಕು. ಆ ಗೊತ್ತಾದ ಎತ್ತರಕ್ಕೆ ಟ್ರಾನ್ಸಿಶನ್ ಆಲ್ಟಿಟ್ಯೂಡ್ ಎನ್ನುತ್ತಾರೆ. ನಮ್ಮ ವಿಮಾನದಲ್ಲಿ ಗುಂಡಿಯನ್ನು ಒಮ್ಮೆ ಹೊರಗೆ ಎಳೆದರೆ ಆಯಿತು. ಅರ್ಧ ಸೆಕೆಂಡಿನ ಕೆಲಸ.

ಸರಿಯಾಗಿ ಆ ಎತ್ತರಕ್ಕೆ ಬಂದಾಗ ನಿಯಂತ್ರಕರು ಬೇರೆ ಫ್ರೀಕ್ವೆನ್ಸಿಗೆ ಹೋಗಲು ಹೇಳಿದರು. ಎದುರಿಗೆ ಕರಿಮೋಡದ ಗೋಡೆ. "ಎಡಕ್ಕೆ ಹತ್ತು ಡಿಗ್ರಿ ಕೇಳು" ಎಂದರು ಕ್ಯಾಪ್ಟನ್. ಹೊಸ ಫ್ರೀಕ್ವೆನ್ಸಿಯಲ್ಲಿ ಬೇರೆ ಯಾರೋ ಮಾತನಾಡುತ್ತಿದ್ದರು. ಒಮ್ಮೆ ಕರೆದೆ, ಇಬ್ಬರ ಮಾತು ಒಂದರ ಮೇಲೊಂದು ಬಿದ್ದು ಕೀರಲು ಸದ್ದು ಬಂತು. ಇನ್ನೊಮ್ಮೆ ಕರೆದೆ, ತಿರುವು ಸಿಕ್ಕಿತು. ಅಷ್ಟರಲ್ಲಿ 8,000 ಅಡಿ ಕಾಣಿಸಿತು. "ಇನ್ನು ಸಾವಿರ ಅಡಿ" ಎಂಬ ಕರೆಯನ್ನು ನಿಯಮದಂತೆ ಕೊಟ್ಟೆ. ಆಟೋಪೈಲಟ್ 9,000ಕ್ಕೆ ಬಂದು ಮೆತ್ತಗೆ ನಿಂತಿತು. ಎಲ್ಲವೂ ಅಚ್ಚುಕಟ್ಟು.

"ನಿಮ್ಮ ಲೆವೆಲ್ ಖಚಿತಪಡಿಸಿ" ಎಂದರು ನಿಯಂತ್ರಕರು. ನಾನು ಪೂರ್ತಿ ವಿಶ್ವಾಸದಿಂದ "90ರಲ್ಲಿದ್ದೇವೆ" ಎಂದೆ. "ನನಗೆ 94 ಕಾಣುತ್ತಿದೆ. ಆಲ್ಟಿಮೀಟರ್ ನೋಡಿಕೊಳ್ಳಿ" ಎಂಬ ಉತ್ತರ ಬಂತು. ಕ್ಯಾಪ್ಟನ್ ಕೈ ಗುಂಡಿಗೆ ಹೋಯಿತು. ಎಳೆದರು. 9,000 ಇದ್ದದ್ದು ಒಂದೇ ಏಟಿಗೆ 9,450ಕ್ಕೆ ಹಾರಿತು. ಅದೇ ಗಳಿಗೆಯಲ್ಲಿ, ಇನ್ನೊಂದು ವಿಮಾನ ಹತ್ತಿರ ಬಂದರೆ ಎಚ್ಚರಿಸುವ ಯಂತ್ರವಾದ ಟೀಕ್ಯಾಸ್ "ಟ್ರಾಫಿಕ್, ಟ್ರಾಫಿಕ್" ಎಂದಿತು. ಲೆವೆಲ್ 100ರಲ್ಲಿ ಇನ್ನೊಂದು ವಿಮಾನ ಅಡ್ಡ ಬರುತ್ತಿತ್ತು. ನಾವು ಕೆಳಗಿಳಿದೆವು, ಅದು ದಾಟಿ ಹೋಯಿತು.

ನನ್ನನ್ನು ಕೊರೆಯುತ್ತಿರುವುದು ಬೇರೆ. 1013ಕ್ಕೆ ಬದಲಿಸದಿದ್ದರೆ ಪರದೆಯ ಮೇಲೆ ಆ ಒತ್ತಡದ ಅಂಕಿ ಮಿನುಗುತ್ತದೆ. ನಮ್ಮಿಬ್ಬರ ಎದುರೂ 997 ಮಿನುಗುತ್ತಲೇ ಇದ್ದಿರಬೇಕು. ನಾನು ಆ ಪರದೆಯನ್ನೇ ನೋಡಿ "ಇನ್ನು ಸಾವಿರ ಅಡಿ" ಎಂದಿದ್ದೇನೆ. ಮಿನುಗುವುದು ಹೇಗೆ ಕಾಣಲಿಲ್ಲ?

ಕಿಟಕಿ ಪಕ್ಕ

ಪ್ರಯಾಣಿಕರ ಕಡೆಯಿಂದ ಒಂದು ಪೆದ್ದು ಪ್ರಶ್ನೆ. 450 ಅಡಿ ಎಂದರೆ ಆಕಾಶದಲ್ಲಿ ಎಷ್ಟು ಮಹಾ? ಇನ್ನೊಂದು: ಒಂದೇ ವಿಮಾನ ಒಂದೇ ಜಾಗದಲ್ಲಿದ್ದು ಎರಡು ಎತ್ತರ ಹೇಗೆ ತೋರಿಸುತ್ತದೆ? ಜಿಪಿಎಸ್ ಇಲ್ಲವೇ?

ಸೋಮವಾರಪೇಟೆ ಮೇಷ್ಟ್ರು

ಎರಡನೆಯದನ್ನು ನಾನು ಹೇಳುತ್ತೇನೆ, ನಲವತ್ತು ವರ್ಷ ಭೌತಶಾಸ್ತ್ರ ಕಲಿಸಿದವನು.

ವಿಮಾನದ ಆಲ್ಟಿಮೀಟರ್ ಎತ್ತರವನ್ನು ಅಳೆಯುವುದೇ ಇಲ್ಲ. ಅದು ಗಾಳಿಯ ಒತ್ತಡವನ್ನು ಅಳೆದು, ಅದರಿಂದ ಎತ್ತರವನ್ನು ಊಹಿಸುತ್ತದೆ. ನನ್ನ ಮಗ ಚಾರಣಕ್ಕೆಂದು ಒಂದು ಕೈಗಡಿಯಾರ ಕೊಡಿಸಿದ್ದಾನೆ, ಅದರೊಳಗೂ ಇದೇ ವ್ಯವಸ್ಥೆ. ಹೋದ ಮಳೆಗಾಲದಲ್ಲಿ ವಾಯುಭಾರ ಕುಸಿದ ದಿನ, ರಾತ್ರಿ ಮಲಗುವಾಗ 1,140 ಮೀಟರ್ ತೋರಿಸುತ್ತಿದ್ದ ಗಡಿಯಾರ ಬೆಳಿಗ್ಗೆ ಎದ್ದಾಗ 1,175 ತೋರಿಸಿತು. ಗಡಿಯಾರ ಇದ್ದದ್ದು ಅದೇ ಮೇಜಿನ ಮೇಲೆ. ನನ್ನಾಕೆ "ರಾತ್ರಿ ಮನೆ ಬೆಳೆದಿದೆ" ಎಂದಳು.

ಕೆಳಮಟ್ಟದಲ್ಲಿ ಒಂದು ಹೆಕ್ಟೋಪಾಸ್ಕಲ್‌ಗೆ ಸುಮಾರು 28 ಅಡಿ. 1013ರಲ್ಲಿ 997 ಕಳೆದರೆ 16. ಗುಣಿಸಿ ನೋಡಿ, 448 ಅಡಿ. ಬಲಗಡೆ ಸೀಟು ಅವರ 450 ಎಲ್ಲಿಂದ ಬಂತು ಎಂಬುದಕ್ಕೆ ಇಷ್ಟೇ ಲೆಕ್ಕ. ಅವರ ಮಾಪಕ ಕೆಟ್ಟಿರಲಿಲ್ಲ, ಅದಕ್ಕೆ ಕೊಟ್ಟ ಆಧಾರ ಬೇರೆಯಾಗಿತ್ತು.

1013 ಕೂಡ ಆ ದಿನದ ನಿಜವಾದ ಒತ್ತಡವಲ್ಲ. ಮೇಲೆ ಹೋದ ಮೇಲೆ ಬೆಟ್ಟ ತಗಲುವ ಭಯವಿಲ್ಲ, ಇನ್ನೊಂದು ವಿಮಾನದ ಭಯ ಮಾತ್ರ. ಊರೂರಿಗೆ ಒತ್ತಡ ಬದಲಿಸುತ್ತಾ ಹೋಗುವ ಬದಲು ಎಲ್ಲರೂ ಒಂದೇ ಅಂಕಿಗೆ ಕಟ್ಟುಬಿದ್ದರೆ, ಎಲ್ಲರೂ ಒಂದೇ ಅಳತೆಯಷ್ಟು ತಪ್ಪಿರುತ್ತಾರೆ. ಊರಿನ ಗಡಿಯಾರಗಳೆಲ್ಲ ಐದು ನಿಮಿಷ ಮುಂದಿದ್ದರೆ ಯಾರಿಗೂ ಬಸ್ಸು ತಪ್ಪುವುದಿಲ್ಲ. ಒಬ್ಬನ ಗಡಿಯಾರ ಮಾತ್ರ ಸರಿಯಿದ್ದರೆ ತಪ್ಪುವುದು ಅವನಿಗೇ. ಜಿಪಿಎಸ್ ಎತ್ತರವನ್ನು ಬಳಸದಿರುವುದಕ್ಕೂ ಇದೇ ಉತ್ತರ, ಉಳಿದವರೆಲ್ಲ ಒತ್ತಡದ ಲೆಕ್ಕದಲ್ಲಿದ್ದಾರೆ.

ಹಳೇ ಟವರ್

ಮೇಷ್ಟ್ರು ನನ್ನ ಕೆಲಸ ಉಳಿಸಿದರು. ನಾನು ನಿವೃತ್ತ ವಾಯು ಸಂಚಾರ ನಿಯಂತ್ರಕ.

ಮೊದಲ ಪ್ರಶ್ನೆಗೆ: ಅಲ್ಲಿ ಎರಡು ವಿಮಾನಗಳ ನಡುವೆ ಮೇಲೆ ಕೆಳಗೆ ಇರಬೇಕಾದ ಅಂತರ 1,000 ಅಡಿ. ಅದರಲ್ಲಿ 450 ಅಡಿಯನ್ನು ಇವರು ತಿಂದರು, ಉಳಿದದ್ದು 550. ರೇಡಾರ್‌ನಲ್ಲಿ 300 ಅಡಿಯೊಳಗಿನ ವ್ಯತ್ಯಾಸವಾದರೆ ವಿಮಾನ ತನ್ನ ಎತ್ತರದಲ್ಲೇ ಇದೆ ಎಂದು ಒಪ್ಪಿಕೊಳ್ಳುತ್ತೇವೆ. ಆಚೆ ಹೋದರೆ ಎತ್ತರ ತಪ್ಪಿದ ಪ್ರಕರಣ. 300 ಅಡಿ ಬಹಳ ಎನಿಸಿದರೆ, ನಿಮಿಷಕ್ಕೆ 3,000 ಅಡಿ ಏರುವ ಜೆಟ್‌ಗೆ ಅದು ಆರು ಸೆಕೆಂಡು. ಒಂದು ಸೀನು ಸೀನಿ ಕರವಸ್ತ್ರ ಹುಡುಕುವ ಹೊತ್ತು.

ವಿಮಾನದ ಟ್ರಾನ್ಸ್‌ಪಾಂಡರ್ ನೆಲಕ್ಕೆ ಕಳಿಸುವ ಎತ್ತರ ಯಾವಾಗಲೂ 1013ರ ಲೆಕ್ಕದಲ್ಲೇ ಇರುತ್ತದೆ ಎಂಬುದು ಹೆಚ್ಚಿನವರಿಗೆ ತಿಳಿಯದ ಸಂಗತಿ. ಪೈಲಟ್ ಗುಂಡಿಯನ್ನು ಎಲ್ಲಿ ತಿರುಗಿಸಿದರೂ ಅದಕ್ಕೆ ಸಂಬಂಧವಿಲ್ಲ. ಆದ್ದರಿಂದಲೇ ಇವರ ಪರದೆ 9,000 ಎನ್ನುವಾಗ ನಮ್ಮವನ ಪರದೆ 94 ಎಂದದ್ದು. ಆ ನಿಯಂತ್ರಕ ಯಾರೋ ಗೊತ್ತಿಲ್ಲ, ಒಳ್ಳೆಯ ಕೆಲಸ ಮಾಡಿದ. "ನೀವು ತಪ್ಪಿದ್ದೀರಿ" ಎನ್ನದೆ "ಆಲ್ಟಿಮೀಟರ್ ನೋಡಿಕೊಳ್ಳಿ" ಎಂದು ಕೈ ಹೋಗಬೇಕಾದ ಜಾಗವನ್ನೇ ತೋರಿಸಿದ.

ಬಲಗಡೆ ಸೀಟು ಅವರೇ, ನಿಮಗೊಂದು ಪ್ರಶ್ನೆ. ನೀವು ಹೆಚ್ಚಾಗಿ ಹಾರುವುದು ದಕ್ಷಿಣದಲ್ಲೋ ಉತ್ತರದಲ್ಲೋ?

ಬಲಗಡೆ ಸೀಟು

ದಕ್ಷಿಣದಲ್ಲಿ. ಏಕೆ ಸರ್?

ನೇರ ಮಾತು

ಎಲ್ಲರೂ ಬೆನ್ನು ತಟ್ಟುತ್ತಿದ್ದೀರಿ, ಆದ್ದರಿಂದ ಕಹಿ ಮಾತು ನಾನೇ ಆಡುತ್ತೇನೆ. ಬಸ್ ಚಾಲಕ ಕೆಂಪು ದೀಪ ದಾಟಿದರೆ ದಂಡ, ಜನ ಸತ್ತರೆ ಜೈಲು. ವಿಮಾನದವರು 180 ಜನರನ್ನು ಹೊತ್ತುಕೊಂಡು ಇನ್ನೊಂದು ವಿಮಾನದ ಕೆಳಗೆ 550 ಅಡಿಗೆ ಹೋಗಿ, "ನನಗೇಕೆ ಕಾಣಲಿಲ್ಲ" ಎಂದು ತತ್ವಜ್ಞಾನ ಬರೆಯುತ್ತಾರೆ. ಅರ್ಧ ಸೆಕೆಂಡಿನ ಕೆಲಸ ಎಂದು ನೀವೇ ಹೇಳಿದಿರಿ. ಅದನ್ನೂ ಮಾಡಲು ಆಗದಿದ್ದರೆ ಪರವಾನಗಿ ಕಿತ್ತುಕೊಳ್ಳಬೇಕು. ಉಳಿದವರು ತಾವಾಗಿಯೇ ಎಚ್ಚರವಾಗುತ್ತಾರೆ.

ನ್ಯೂಜೆರ್ಸಿ ಕನ್ನಡಿಗ

ನೇರ ಮಾತು ಅವರೇ, ನಿಮ್ಮ ಸಿಟ್ಟು ಅರ್ಥವಾಗುತ್ತದೆ. ಆದರೆ ಅಮೆರಿಕ ಇದೇ ದಾರಿಯಲ್ಲಿ ಹೋಗಿ ಪಾಠ ಕಲಿತ ಕಥೆಯೊಂದಿದೆ.

1974ರ ಡಿಸೆಂಬರ್ 1ರಂದು ಟಿಡಬ್ಲ್ಯುಎ 514 ಎಂಬ ವಿಮಾನ ವಾಷಿಂಗ್ಟನ್ ಬಳಿಯ ಡಲ್ಲಸ್ ನಿಲ್ದಾಣಕ್ಕೆ ಇಳಿಯುವಾಗ, ಇಳಿಯಬಾರದಷ್ಟು ಬೇಗ 1,800 ಅಡಿಗೆ ಇಳಿಯಲು ಹೊರಟು ವರ್ಜೀನಿಯಾದ ಬೆಟ್ಟಕ್ಕೆ ಬಡಿಯಿತು. 92 ಜನ ಸತ್ತರು. ಅದಕ್ಕೂ ಸುಮಾರು ಆರು ವಾರ ಮೊದಲು ಯುನೈಟೆಡ್ ಸಂಸ್ಥೆಯ ಒಂದು ವಿಮಾನದ ಸಿಬ್ಬಂದಿಯೂ ಅದೇ ಜಾಗದಲ್ಲಿ ಅದೇ ರೀತಿ ತಪ್ಪು ತಿಳಿದುಕೊಂಡಿದ್ದರು. ಕೂದಲೆಳೆಯಲ್ಲಿ ಪಾರಾಗಿ, ತಮ್ಮ ಸಂಸ್ಥೆಗೆ ತಿಳಿಸಿದರು. ಸಂಸ್ಥೆ ತನ್ನ ಪೈಲಟ್‌ಗಳನ್ನು ಎಚ್ಚರಿಸಿತು. ಆ ಮಾತು ಮನೆಯ ಹೊಸ್ತಿಲು ದಾಟಿ ಟಿಡಬ್ಲ್ಯುಎ ಪೈಲಟ್‌ಗಳ ಕಿವಿಗೆ ಬೀಳಲಿಲ್ಲ.

ಅದಾದ ಮೇಲೆ 1976ರಲ್ಲಿ ನಾಸಾದ ಕೈಯಲ್ಲಿ ಎಎಸ್‌ಆರ್‌ಎಸ್ ಎಂಬ ವರದಿ ವ್ಯವಸ್ಥೆ ಶುರುವಾಯಿತು. ತಪ್ಪಾದ ಹತ್ತು ದಿನದೊಳಗೆ ನೀವೇ ಬರೆದು ಕಳಿಸಿದರೆ, ಉದ್ದೇಶಪೂರ್ವಕವಲ್ಲದ ತಪ್ಪಾದರೆ, ಶಿಕ್ಷೆಗೆ ಬೇಕಾದಷ್ಟು ರಿಯಾಯಿತಿ ಉಂಟು. ಹೆಸರು, ಸಂಸ್ಥೆ ಎಲ್ಲವನ್ನೂ ಅಳಿಸಿ ಉಳಿದವರಿಗೆ ಓದಲು ಬಿಡುತ್ತಾರೆ. ಬೇಕೆಂದೇ ನಿಯಮ ಮುರಿದವರಿಗೂ ಅಪರಾಧಕ್ಕೂ ಆ ನೆರಳು ಇಲ್ಲ. ಪೊಲೀಸರಂತೆ ದಂಡ ಹಾಕುವ ವಿಮಾನಯಾನ ಇಲಾಖೆ ಎಫ್‌ಎಎಯ ಬದಲು ನಾಸಾಕ್ಕೆ ವಹಿಸಿದ್ದರಲ್ಲೇ ಜಾಣತನವಿದೆ. ಆ ವರದಿಗಳಲ್ಲಿ ರಾಶಿ ರಾಶಿ ಇರುವುದು ಎತ್ತರ ತಪ್ಪಿದವರದ್ದೇ.

ನಾನು ಪೈಲಟ್ ಅಲ್ಲ, ಸಣ್ಣ ಜೆಟ್‌ಗಳ ರಿಪೇರಿ ನನ್ನ ಅನ್ನ. ಇಲ್ಲಿ ಟೆಟರ್‌ಬರೋ ಎಂಬ ನಿಲ್ದಾಣವಿದೆ, ನ್ಯೂಯಾರ್ಕಿನ ಸಾಹುಕಾರರ ಬಸ್ ನಿಲ್ದಾಣ ಎನ್ನಬಹುದು. ಅಲ್ಲಿಂದ ಹೊರಡುವ ರೂಡಿ ಎಂಬ ಹೆಸರಿನ ಮಾರ್ಗ ಪೈಲಟ್‌ಗಳಲ್ಲಿ ಕುಖ್ಯಾತ. ಮೊದಲು 1,500 ಅಡಿಗೆ ನಿಲ್ಲಬೇಕು, ವೆಂಟ್ಜ್ ಎಂಬ ಬಿಂದು ದಾಟಿದ ಮೇಲೆ 2,000ಕ್ಕೆ ಏರಬೇಕು. ಏಕೆಂದರೆ ನೆತ್ತಿಯ ಮೇಲೆ ನೆವಾರ್ಕ್‌ಗೆ ಇಳಿಯುವ ದೊಡ್ಡ ವಿಮಾನಗಳ ಸಾಲು. ಹಗುರವಾದ ಜೆಟ್ ನಿಮಿಷಕ್ಕೆ 4,000 ಅಡಿ ಏರುತ್ತದೆ. ಚಕ್ರ ಒಳಗೆಳೆದು, ರೆಕ್ಕೆಯ ಫ್ಲಾಪ್ ಮಡಿಸಿ, ರೇಡಿಯೊದಲ್ಲಿ ಮಾತಾಡಿ ಮುಗಿಸುವುದರಲ್ಲಿ 1,500 ಹಿಂದೆ ಬಿದ್ದಿರುತ್ತದೆ. ಒಳ್ಳೊಳ್ಳೆಯವರೇ ಎಡವಿದ್ದಾರೆ. ಪದೇ ಪದೇ ಎಚ್ಚರಿಕೆ ಪತ್ರಗಳು ಬಂದಿವೆ. ಒಂದೇ ಮೆಟ್ಟಿಲಲ್ಲಿ ಊರಿನ ಅರ್ಧ ಜನ ಮುಗ್ಗರಿಸಿದರೆ, ಬಿದ್ದವರಿಗೆ ಹೊಡೆಯುತ್ತೀರೋ ಮೆಟ್ಟಿಲನ್ನು ನೋಡುತ್ತೀರೋ?

ಶರಾವತಿ

ನಾನು ಎರಡನೇ ವರ್ಷದ ಏರೋನಾಟಿಕಲ್ ವಿದ್ಯಾರ್ಥಿನಿ. ಆಟೋಪೈಲಟ್ ಇರುವಾಗ ಎತ್ತರ ತಪ್ಪುವುದು ಹೇಗೆ? ಬಲಗಡೆ ಸೀಟು ಅವರ ಪ್ರಕರಣದಲ್ಲಿ ಆಧಾರದ ಒತ್ತಡವೇ ಬೇರೆ ಇತ್ತು, ಅದು ಸರಿ. ಉಳಿದವುಗಳಲ್ಲಿ?

ಬಲಗಡೆ ಸೀಟು

ಆಟೋಪೈಲಟ್ ಕೇಳುವುದು ನಾವು ಫಲಕದ ಪುಟ್ಟ ಕಿಟಕಿಯಲ್ಲಿ ಹಾಕಿದ ಎತ್ತರದ ಸಂಖ್ಯೆಯನ್ನು, ನಿಯಂತ್ರಕರ ಮಾತನ್ನಲ್ಲ. ಕೇಳಿದ್ದು ತಪ್ಪಿದರೆ ಅದು ತಪ್ಪಿನ ಕಡೆಗೇ ನಿಷ್ಠೆಯಿಂದ ಕರೆದೊಯ್ಯುತ್ತದೆ. ಆದ್ದರಿಂದ ಒಬ್ಬರು ಸಂಖ್ಯೆ ಹಾಕಿದರೆ ಇನ್ನೊಬ್ಬರು ಅದನ್ನು ಬೆರಳಿಟ್ಟು ತೋರಿಸಿ, ಬಾಯಿಬಿಟ್ಟು ಓದಬೇಕು. ಬೆರಳಿಡುವುದು ಮಕ್ಕಳಾಟದಂತೆ ಕಾಣುತ್ತದೆ. ಓದಲು ಕಲಿಯುವ ಮಗು ಅಕ್ಷರದ ಕೆಳಗೆ ಬೆರಳಿಡುವುದು ಏಕೋ ನಾವು ಇಡುವುದೂ ಅದಕ್ಕೇ.

ಇನ್ನೊಂದು ಬಗೆಯೂ ಇದೆ. ಹಳೆಯ ಎಂಡಿ-80 ವಿಮಾನಗಳಲ್ಲಿ, ಆಟೋಪೈಲಟ್ ಬೇಕಾದ ಎತ್ತರವನ್ನು ಹಿಡಿಯಲು ಬಾಗುತ್ತಿರುವಾಗಲೇ ಪೈಲಟ್ ಏರಿಕೆಯ ವೇಗದ ಚಕ್ರವನ್ನು ಸ್ವಲ್ಪ ತಿರುಗಿಸಿದರೆ, ಹಿಡಿತ ಬಿಟ್ಟುಹೋಗುತ್ತಿತ್ತು. ಮೆತ್ತಗೆ ನಿಲ್ಲಲಿ ಎಂದು ತಿರುಗಿಸಿದರೆ ವಿಮಾನ ನಿಲ್ಲದೆ ಏರುತ್ತಲೇ ಹೋಗುತ್ತಿತ್ತು.

ಹಳೇ ಟವರ್

ಶರಾವತಿ, ಉಳಿದವುಗಳಲ್ಲಿ ಬಹುಪಾಲು ಕಿವಿಯಿಂದ ಒಳಗೆ ಬರುತ್ತವೆ. 10,000 ಮತ್ತು 11,000 ಒಂದಕ್ಕೊಂದು ಬದಲಾಗುವುದು ಬಹಳ ಸಾಮಾನ್ಯ. ಯುರೋಪಿನಲ್ಲಿ ಲೆವೆಲ್ 100 ಅನ್ನು "ಒನ್ ಝೀರೊ ಝೀರೊ" ಎನ್ನದೆ "ಒನ್ ಹಂಡ್ರೆಡ್" ಎನ್ನಲು ಶುರುಮಾಡಿದ್ದು ಈ ಕಾರಣಕ್ಕೇ. ಇನ್ನು "ಟು" ಎಂಬ ವಿಭಕ್ತಿಯೂ "ಟೂ" ಎಂಬ ಸಂಖ್ಯೆಯೂ ಇಂಗ್ಲಿಷಿನಲ್ಲಿ ಒಂದೇ ಸದ್ದು. 1989ರ ಫೆಬ್ರವರಿ 19ರಂದು ಕ್ವಾಲಾಲಂಪುರದಲ್ಲಿ ಫ್ಲೈಯಿಂಗ್ ಟೈಗರ್ ಸಂಸ್ಥೆಯ ಸರಕು ವಿಮಾನಕ್ಕೆ 2,400 ಅಡಿಗೆ ಇಳಿಯಲು ಹೇಳಿದರು. "ಟೂ ಫೋರ್ ಝೀರೊ ಝೀರೊ". ಅವರಿಗೆ ಕೇಳಿಸಿದ್ದು 400 ಅಡಿಗೆ ಎಂದು. ಬೆಟ್ಟ ಅದಕ್ಕಿಂತ ಎತ್ತರವಿತ್ತು. ನಾಲ್ವರೂ ಹೋದರು. ಕನ್ನಡದಲ್ಲಾಗಿದ್ದರೆ "ಎರಡು"ಗೂ "ಗೆ"ಗೂ ಗೊಂದಲವೇ ಇಲ್ಲ, ಆದರೆ ನಮ್ಮನ್ನು ಯಾರು ಕೇಳಿದರು!

ಏರುವಾಗಿನ ಪ್ರಕರಣ ಬೇಕೆಂದರೆ ಲಂಡನ್ ಸಿಟಿ ನಿಲ್ದಾಣದ್ದು ನೋಡಿ, 2009ರ ಜುಲೈ 27. ತರಬೇತಿಯಲ್ಲಿ ನಾನು ಹೊಸಬರಿಗೆ ಇದನ್ನೇ ಹೇಳುತ್ತಿದ್ದೆ. ಸೈಟೇಶನ್ ಎಂಬ ಸಣ್ಣ ಜೆಟ್ ಹೊರಡಲು ಸಿದ್ಧವಾಗಿತ್ತು. ನಿಲ್ಲಬೇಕಾದ ಎತ್ತರ 3,000 ಅಡಿ. ಅಲ್ಲಿನ ಮಾರ್ಗವೂ ಮೆಟ್ಟಿಲು ಮೆಟ್ಟಿಲಾಗಿಯೇ ಇತ್ತು. ಪೈಲಟ್ ಸೂಚನೆಯನ್ನು ತಿರುಗಿ ಹೇಳುವಾಗ 4,000 ಎಂದರು. ನಿಯಂತ್ರಕರು ಗಮನಿಸಲಿಲ್ಲ. 4,000 ಅಡಿಯಲ್ಲಿ ಹೀಥ್ರೂಗೆ ಇಳಿಯಲು ಬರುತ್ತಿದ್ದುದು ಟರ್ಕಿಯ ಬೋಯಿಂಗ್ 777. ಎರಡರ ನಡುವೆ ಉಳಿದ ಅಂತರ ಅಡ್ಡಲಾಗಿ ಸುಮಾರು ಅರ್ಧ ನಾಟಿಕಲ್ ಮೈಲು, ಮೇಲೆ ಕೆಳಗೆ 100ರಿಂದ 200 ಅಡಿ. 777ರ ಟೀಕ್ಯಾಸ್ ಮೂರು ಬಾರಿ ದಾರಿ ಹೇಳಿತು, ಸಿಬ್ಬಂದಿ ಅದನ್ನು ಪಾಲಿಸಲಿಲ್ಲ ಎಂದು ತನಿಖೆಯಲ್ಲಿ ಬಂತು. ನಂತರ ಆ ಮಾರ್ಗಗಳ ಮೆಟ್ಟಿಲು ತೆಗೆದು 3,000ಕ್ಕೇ ಮುಗಿಯುವಂತೆ ಮಾಡಿದರು. ನ್ಯೂಜೆರ್ಸಿಯವರ ಮಾತಿಗೆ ಇಲ್ಲಿ ಉತ್ತರವಿದೆ.

ತಿರುಗಿ ಹೇಳುವುದನ್ನು ನಾವು ರೀಡ್‌ಬ್ಯಾಕ್ ಎನ್ನುತ್ತೇವೆ. ಅದನ್ನು ಕೇಳುವುದು ಹೇಳುವುದಕ್ಕಿಂತ ಕಷ್ಟ. ಹೋಟೆಲಿನ ಮಾಣಿ "ಎರಡು ಮಸಾಲೆ, ಒಂದು ಖಾಲಿ" ಎಂದು ಒಳಗೆ ಕೂಗುತ್ತಾನೆ, ಅಡುಗೆಭಟ್ಟರು ಅದನ್ನೇ ತಿರುಗಿ ಕೂಗಬೇಕು. ಭಟ್ಟರು "ಮೂರು ಮಸಾಲೆ" ಎಂದರೂ ಮಾಣಿಯ ಕಿವಿಗೆ ಎರಡೇ ಬೀಳುತ್ತದೆ. ಅವನು ಆಗಲೇ ಪಕ್ಕದ ಮೇಜಿನವರ ಮುಖ ನೋಡುತ್ತಿರುತ್ತಾನೆ. ನನ್ನ ಸೇವೆಯಲ್ಲಿ ನಾನು ಹೀಗೆ ಎಷ್ಟು "ಮೂರು ಮಸಾಲೆ" ದಾಟಿಸಿದೆನೋ ಆ ದೇವರಿಗೇ ಗೊತ್ತು. ಸಿಕ್ಕಿಬಿದ್ದದ್ದು ಎರಡು ಸಲ.

ನೇರ ಮಾತು

ಮೆಟ್ಟಿಲಿನ ಮಾತು ಒಪ್ಪುತ್ತೇನೆ. ಆದರೆ ಇದು ನಮ್ಮೂರಿನ ಮೇಲೂ ಆಗುತ್ತಿದೆಯಲ್ಲ. 2018ರ ಜುಲೈ 10ರಂದು ಬೆಂಗಳೂರಿನ ವಾಯುವಲಯದಲ್ಲಿ ಕೊಯಮತ್ತೂರಿನಿಂದ ಹೈದರಾಬಾದಿಗೆ ಹೋಗುತ್ತಿದ್ದ ಇಂಡಿಗೋ ವಿಮಾನವೂ, ಬೆಂಗಳೂರಿನಿಂದ ಕೊಚ್ಚಿಗೆ ಹೊರಟಿದ್ದ ಅದೇ ಸಂಸ್ಥೆಯ ವಿಮಾನವೂ ಏರುತ್ತಿದ್ದಾಗ ಸುಮಾರು 200 ಅಡಿ ಅಂತರಕ್ಕೆ ಬಂದವು. ಎರಡರಲ್ಲೂ ಸೇರಿ 300ಕ್ಕೂ ಹೆಚ್ಚು ಜನ. ಟೀಕ್ಯಾಸ್ ಕೂಗಿದ್ದರಿಂದ ಬಚಾವು ಎಂದು ಪತ್ರಿಕೆಯಲ್ಲಿ ಓದಿದ ನೆನಪು. ಪ್ರತಿಸಲವೂ ಯಂತ್ರ ಕೂಗುತ್ತದೆ ಎಂದು ಏನು ಖಾತರಿ? ಯಂತ್ರವೇ ಇಲ್ಲದ ಕಾಲದಲ್ಲಿ?

ಹಳೇ ಟವರ್

ಯಂತ್ರವೇ ಇಲ್ಲದ ಕಾಲದಲ್ಲಿ ಚರ್ಖಿ ದಾದ್ರಿ ಆಯಿತು. ಈ ಹೆಸರನ್ನು ತೆಗೆಯಬಾರದೆಂದಿದ್ದೆ.

1996ರ ನವೆಂಬರ್ 12ರ ಸಂಜೆ. ನಾನು ಆಗ ದೆಹಲಿಯಲ್ಲಿರಲಿಲ್ಲ, ಬೇರೊಂದು ಊರಿನಲ್ಲಿ ಪಾಳಿಯಲ್ಲಿದ್ದೆ. ದೆಹಲಿಯಿಂದ ಏರಿದ ಸೌದಿಯಾದ ಜಂಬೋ ಜೆಟ್‌ಗೆ ಲೆವೆಲ್ 140ರವರೆಗೆ ಅನುಮತಿ. ಎದುರಿನಿಂದ ಇಳಿಯುತ್ತಿದ್ದ ಕಜಕಿಸ್ತಾನದ ಇಲ್ಯೂಶಿನ್-76ಕ್ಕೆ 150ರವರೆಗೆ ಮಾತ್ರ. ಬರುವವರಿಗೂ ಹೋಗುವವರಿಗೂ ಆಗ ಒಂದೇ ಓಣಿ. ದೆಹಲಿಯ ರೇಡಾರ್ ವಿಮಾನ ಎಲ್ಲಿದೆ ಎಂದು ತೋರಿಸುತ್ತಿತ್ತು, ಎಷ್ಟು ಎತ್ತರದಲ್ಲಿದೆ ಎಂದು ತೋರಿಸುತ್ತಿರಲಿಲ್ಲ. ಬಲಗಡೆ ಸೀಟು ಅವರೇ, ನಿಮಗೆ "94 ಕಾಣುತ್ತಿದೆ" ಎಂದು ಹೇಳಿದ ಆ ಒಂದು ಸಂಖ್ಯೆ ಅಂದು ಯಾರ ಪರದೆಯ ಮೇಲೂ ಇರಲಿಲ್ಲ. ಪೈಲಟ್ ಬಾಯಿಬಿಟ್ಟು ಹೇಳಿದ್ದೇ ಎತ್ತರ.

ಕಜಕ್ ವಿಮಾನ 150ರಲ್ಲಿ ನಿಲ್ಲದೆ ಇಳಿಯುತ್ತಲೇ ಹೋಯಿತು. ಇಂಗ್ಲಿಷಿನಲ್ಲಿ ಮಾತನಾಡುತ್ತಿದ್ದುದು ಪೈಲಟ್‌ಗಳಲ್ಲ, ಹಿಂದೆ ಕುಳಿತ ರೇಡಿಯೊ ಆಪರೇಟರ್. ಆತನ ಎದುರು ಸ್ವಂತ ಆಲ್ಟಿಮೀಟರ್ ಇರಲಿಲ್ಲ, ಪೈಲಟ್‌ಗಳ ಭುಜದ ಮೇಲಿಂದ ಇಣುಕಬೇಕಿತ್ತು. ಅವರು ಬೆಳೆದದ್ದು ಮೀಟರ್ ಲೆಕ್ಕದಲ್ಲಿ, ಇಲ್ಲಿ ಅಡಿಯ ಲೆಕ್ಕ. ಎದುರಿಗೆ ಸೌದಿಯಾ ಬರುತ್ತಿದೆ ಎಂದು ದೆಹಲಿಯ ನಿಯಂತ್ರಕರು ಎಚ್ಚರಿಸಿಯೂ ಇದ್ದರು. ತಾವು ಇರಬಾರದ ಎತ್ತರದಲ್ಲಿದ್ದೇವೆ ಎಂಬುದು ಆ ಆಪರೇಟರ್‌ಗೆ ಕಡೆಯ ಗಳಿಗೆಯಲ್ಲಿ ಹೊಳೆಯಿತು. ಮೇಲೇರಲು ಹೋದರು, ಬಾಲ ಜಂಬೋದ ಎಡ ರೆಕ್ಕೆಗೆ ತಗಲಿತು. 349 ಜನ, ಒಬ್ಬರೂ ಉಳಿಯಲಿಲ್ಲ. ಜಂಬೋದಲ್ಲಿದ್ದವರಲ್ಲಿ ಬಹಳಷ್ಟು ಜನ ಕೊಲ್ಲಿ ದೇಶಗಳಿಗೆ ದುಡಿಯಲು ಹೊರಟಿದ್ದ ನಮ್ಮವರು.

ನ್ಯಾಯಮೂರ್ತಿ ಲಹೋತಿ ಆಯೋಗದ ವರದಿಯಾದ ಮೇಲೆ ಬರುವ ಹೋಗುವ ದಾರಿಗಳನ್ನು ಬೇರೆ ಮಾಡಿದರು, ಎತ್ತರ ತೋರಿಸುವ ರೇಡಾರ್ ಬಳಕೆಗೆ ಬಂತು, ದೊಡ್ಡ ವಿಮಾನಗಳಿಗೆ ಟೀಕ್ಯಾಸ್ ಕಡ್ಡಾಯವಾಯಿತು. ಆ ರಾತ್ರಿ ನಮ್ಮ ಪಾಳಿಯಲ್ಲಿ ರೇಡಿಯೊದ ಕೆಲಸದ ಮಾತು ಬಿಟ್ಟರೆ ಬೇರೆ ಮಾತು ಹುಟ್ಟಲಿಲ್ಲ. ಚಹಾ ತಂದ ಹುಡುಗ ಲೋಟಗಳನ್ನು ಹಾಗೆಯೇ ತಣ್ಣಗೆ ವಾಪಸು ಒಯ್ದ.

ನೇರ ಮಾತು ಅವರೇ, ಶಿಕ್ಷೆಯೇ ಬೇಡ ಎನ್ನುವವನೇನೂ ನಾನಲ್ಲ. ಟೀಕ್ಯಾಸ್ ಹೇಳಿದ್ದನ್ನು ಬೇಕೆಂದೇ ಮೀರುವವನನ್ನು, ತಪ್ಪನ್ನು ಮುಚ್ಚಿಡುವವನನ್ನು ಮನೆಗೆ ಕಳಿಸಿ, ಬೇಡ ಎನ್ನುವುದಿಲ್ಲ. ತಾನೇ ಬಂದು ಹೇಳುವವನನ್ನು ಕಳಿಸಿದರೆ ಮುಂದಿನವನು ಬರುವುದಿಲ್ಲ.

ನೇರ ಮಾತು

ಪರವಾನಗಿ ಕಿತ್ತುಕೊಳ್ಳುವ ಮಾತನ್ನು ಹಿಂದಕ್ಕೆ ತೆಗೆದುಕೊಂಡೆ. ಆದರೆ ಆ 180 ಜನರಿಗೆ ಹೇಳಬೇಕಿತ್ತು ಎಂಬುದನ್ನು ಬಿಡುವುದಿಲ್ಲ. ಅವರಿಗೆ ಇಂದಿಗೂ ಗೊತ್ತಿಲ್ಲ.

ಕಿಟಕಿ ಪಕ್ಕ

ಹೇಳದಿದ್ದದ್ದೇ ಒಳ್ಳೆಯದು. ಏರುವಾಗ ಎಂಜಿನ್ ಸದ್ದು ಇಳಿದರೆ ಸಾಕು, ನಾನು ಮನೆದೇವರಿಗೆ ಹರಕೆ ಹೊರುತ್ತೇನೆ.

ಶರಾವತಿ

ಹಳೇ ಟವರ್ ಸರ್, ದಕ್ಷಿಣವೋ ಉತ್ತರವೋ ಎಂದು ಏಕೆ ಕೇಳಿದಿರಿ? ಅಲ್ಲಿಗೇ ಬಿಟ್ಟಿರಿ.

ಹಳೇ ಟವರ್

ಮರೆತಿದ್ದೆ. ಮೇಷ್ಟ್ರ ಲೆಕ್ಕವನ್ನೇ ಹಿಡಿದು ಹೇಳುತ್ತೇನೆ. ನಮ್ಮ ದಕ್ಷಿಣದ ಊರುಗಳಲ್ಲಿ ಒತ್ತಡ ವರ್ಷದ ಬಹುಪಾಲು 1013ರ ಆಸುಪಾಸಿನಲ್ಲೇ ಓಡಾಡುತ್ತದೆ. ಎರಡು ಮೂರು ಅಂಕಿಯ ವ್ಯತ್ಯಾಸ. ಅಂಥ ದಿನ ಗುಂಡಿ ಎಳೆಯಲು ಮರೆತರೆ 60 ಅಡಿಯೋ 80 ಅಡಿಯೋ ತಪ್ಪುತ್ತದೆ. ರೇಡಾರ್‌ನಲ್ಲಿ ಅದು ಲೆಕ್ಕಕ್ಕೇ ಬರುವುದಿಲ್ಲ, ಯಾವ ನಿಯಂತ್ರಕನೂ ಕೇಳುವುದಿಲ್ಲ. ಸ್ವಲ್ಪ ಹೊತ್ತಿಗೆ ನೀವೇ ನೋಡಿ ಸರಿ ಮಾಡಿಕೊಂಡು ಮುಂದೆ ಹೋಗುತ್ತೀರಿ. ಉತ್ತರದ ಬಯಲಿನಲ್ಲಿ ಮಳೆಗಾಲದ ಒತ್ತಡ 1000ದ ಕೆಳಗೆ ಇಳಿಯುತ್ತದೆ. ಅದೇ ಮರೆವಿಗೆ ಅಲ್ಲಿ 450 ಅಡಿ.

ಬಲಗಡೆ ಸೀಟು ಅವರು ಆ ದಿನ ಮೊದಲ ಸಲ ಮರೆತರೋ, ಮೊದಲ ಸಲ ಸಿಕ್ಕಿಬಿದ್ದರೋ ಎಂದು ನನಗೆ ಅನುಮಾನ. ತಪ್ಪು ತಿಳಿಯಬೇಡಿ.

ಸೋಮವಾರಪೇಟೆ ಮೇಷ್ಟ್ರು

ಭೇಷ್. ನನಗೆ ಇದು ಹೊಳೆದಿರಲಿಲ್ಲ. ಮಿನುಗುವುದು ಕಾಣದ್ದಕ್ಕೂ ಇದೇ ಕಾರಣ ಇರಬಹುದು. ಮಿನುಗಿದರೂ ಏನೂ ಆಗದ ದಿನಗಳನ್ನು ಕಣ್ಣು ಎಷ್ಟೋ ಕಂಡಿದೆ, ಆಮೇಲೆ ನೋಡುವುದನ್ನೇ ಬಿಟ್ಟಿದೆ. ತರಗತಿಯ ಗೋಡೆ ಗಡಿಯಾರ ನಿಂತು ವಾರವಾದರೂ ನಮ್ಮ ಶಾಲೆಯಲ್ಲಿ ಯಾರೂ ಗಮನಿಸಿರಲಿಲ್ಲ.

ಬಲಗಡೆ ಸೀಟು

ಹಳೇ ಟವರ್ ಸರ್, ನಿಮ್ಮ ಮಾತು ಓದಿ ಎರಡು ದಿನ ಉತ್ತರ ಬರೆಯಲಿಲ್ಲ.

ಹಿಂದಿನ ತಿಂಗಳುಗಳನ್ನು ನೆನಪಿಸಿಕೊಂಡೆ. "ಅಯ್ಯೋ, ಸ್ಟ್ಯಾಂಡರ್ಡ್" (1013ಕ್ಕೆ ನಾವು ಹೇಳುವ ಹೆಸರು) ಎಂದು ಸ್ವಲ್ಪ ತಡವಾಗಿ ಗುಂಡಿ ಎಳೆದದ್ದು ಖಂಡಿತ ನಾಲ್ಕೈದು ಸಲ ಇದೆ. ಪ್ರತಿಸಲವೂ ಅಂಕಿ ಐವತ್ತೋ ಎಂಬತ್ತೋ ಅಡಿ ಸರಿದಿತ್ತು, ನಕ್ಕು ಬಿಟ್ಟಿದ್ದೆವು. ಅವನ್ನು ತಪ್ಪು ಎಂದು ನಾನು ಎಣಿಸಿರಲೇ ಇಲ್ಲ. ಬರೆದು ಕೊಟ್ಟಿರಲೂ ಇಲ್ಲ.

ಆ ದಿನದ್ದನ್ನು ಬರೆದುಕೊಟ್ಟೆವು. ಇಳಿದ ಮೇಲೆ ಕ್ಯಾಪ್ಟನ್ "ಮೊದಲು ಕಾಫಿ, ಆಮೇಲೆ ವರದಿ. ಇಬ್ಬರೂ ಬೇರೆ ಬೇರೆ ಕುಳಿತು ಬರೆಯೋಣ, ಮಾತನಾಡಿಕೊಂಡು ಬರೆಯುವುದು ಬೇಡ" ಎಂದರು. ಅವರ ವರದಿಯ ಮೊದಲ ಸಾಲು "1013ಕ್ಕೆ ಬದಲಿಸುವ ಕರೆ ಕೊಡಬೇಕಾದವನು ನಾನು, ಕೊಡಲಿಲ್ಲ" ಎಂದಿತ್ತು. ನಿಯಮದ ಪ್ರಕಾರ ಆ ಮರೆವು ನನ್ನ ಕಣ್ಣಿಗೂ ಬೀಳಬೇಕಿತ್ತು, ನನ್ನದರಲ್ಲಿ ನಾನೂ ಹಾಗೆಯೇ ಬರೆದಿದ್ದೆ. ಕೆಲವು ದಿನ ಇಬ್ಬರನ್ನೂ ಹಾರಾಟದಿಂದ ದೂರ ಇಟ್ಟು, ಸಿಮ್ಯುಲೇಟರ್‌ನಲ್ಲಿ ಕೂರಿಸಿ, ಮತ್ತೆ ಕಳಿಸಿದರು. ನೇರ ಮಾತು ಅವರಿಗೆ ಇದು ಕಡಿಮೆ ಎನಿಸಬಹುದು.

ಈಗ ಒಂದು ಬದಲಾವಣೆ ಮಾಡಿಕೊಂಡಿದ್ದೇನೆ. ಆ ಎತ್ತರ ಹತ್ತಿರವಾಗುವಾಗ ಫ್ರೀಕ್ವೆನ್ಸಿ ಬದಲಿಸಲು ಹೇಳಿದರೆ, ಕೈಯನ್ನು ರೇಡಿಯೊದ ಮೇಲೆ ಇಡುವ ಮೊದಲು ಒತ್ತಡದ ಗುಂಡಿಯ ಮೇಲೆ ಇಡುತ್ತೇನೆ. ಅಲ್ಲಿಂದ ತೆಗೆಯುವುದು ಎಳೆದ ಮೇಲೆಯೇ. ನಿಯಂತ್ರಕರು ಐದು ಸೆಕೆಂಡು ಕಾಯುತ್ತಾರೆ.

ಹಳೇ ಟವರ್

ಹತ್ತು ಸೆಕೆಂಡು ಬೇಕಾದರೂ ಕಾಯುತ್ತೇವೆ. ಬೈಯುತ್ತೇವೆ, ಆದರೆ ಕಾಯುತ್ತೇವೆ.

ಸೋಮವಾರಪೇಟೆ ಮೇಷ್ಟ್ರು

ಇವತ್ತು ಎಲ್ಲಿದ್ದೀರಿ? ಒತ್ತಡ ಎಷ್ಟು?

ಬಲಗಡೆ ಸೀಟು

ಕರಾವಳಿಯ ಒಂದು ಊರಿನಲ್ಲಿ ಮೇಷ್ಟ್ರೇ, ಈಗಷ್ಟೇ ಕೊಠಡಿಗೆ ಬಂದೆ. ಬೆಳಿಗ್ಗೆ ಹೊರಡುವಾಗ ಸರಿಯಾಗಿ 1013 ಇತ್ತು. ಮರೆತಿದ್ದರೂ ಒಂದು ಅಡಿಯೂ ಕದಲುತ್ತಿರಲಿಲ್ಲ. ಗುಂಡಿ ಎಳೆದೆ, ಅಂಕಿ ಇದ್ದಲ್ಲೇ ಇತ್ತು. ಕ್ಯಾಪ್ಟನ್ ಬೆರಳಿಟ್ಟು ತೋರಿಸಿ ಓದಿದರು.